ತುಂಬಿದ ಹೊಳೆಯೂ ಅನುಮಾನಪ್ರಮಾಣವೂ

ಕಂಡುದರಿಂದ ಕಾಣದುದನ್ನು ತಿಳಿಯುವ ಬಗೆಗೆ ಶಾಸ್ತ್ರಕಾರರು ಅನುಮಾನವೆಂದು ಹೆಸರಿಟ್ಟರು. ಆಡುಮಾತಿನಲ್ಲಿ ಈ ಶಬ್ದಕ್ಕೆ ಸಂದೇಹವೆಂಬ ಅರ್ಥವು ಬಂದುಬಿಟ್ಟಿದೆ. ಶಾಸ್ತ್ರದಲ್ಲಾದರೋ ಅದು ಸಂದೇಹವನ್ನು ಕಳೆಯುವ ಪ್ರಮಾಣ.

ಕಳ್ಳಕವಟಗಿಯಿರುವ ತಿಕೋಟಾ ಸೀಮೆಯ ಒಕ್ಕಲಿಗನು ಈ ಪ್ರಮಾಣವನ್ನು ಓದದೆಯೇ ಬಲ್ಲನು. ಡೋಣಿ ಹೊಳೆಯು ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ಈ ಸೀಮೆಯ ಎರೆಭೂಮಿಯಲ್ಲಿ ಹರಿದು, ಮುಂದೆ ಕೃಷ್ಣೆಯನ್ನು ಕೂಡುತ್ತದೆ. ತಲೆಯ ಮೇಲೆ ಮುಗಿಲು ತಿಳಿಯಾಗಿದ್ದಾಗ ಹೊಳೆಯು ರಾಡಿಯಾಗಿ ತುಂಬಿಬಂದರೆ, ‘ಮೇಲೆ ಜತ್ತದ ಕಡೆ ಮಳೆಯಾಗಿದೆ’ ಎನ್ನುತ್ತಾನೆ. ಕಾರ್ಯದಿಂದ ಕಾರಣವನ್ನು ತಿಳಿಯುವ ಈ ಬಗೆಗೆ ಅಕ್ಷಪಾದ ಗೌತಮನ ನ್ಯಾಯಸೂತ್ರದಲ್ಲಿ ‘ಶೇಷವತ್’ ಎಂಬ ಹೆಸರಿದೆ. ವಾತ್ಸ್ಯಾಯನನ ಭಾಷ್ಯವು ಕೊಡುವ ದೃಷ್ಟಾಂತವೂ ತುಂಬಿದ ಹೊಳೆಯೇ ಆಗಿದೆ.

ಈ ತಿಳಿವಿನಲ್ಲಿ ಎರಡು ಹೆಜ್ಜೆಗಳುಂಟು. ಹಲವು ಮಳೆಗಾಲಗಳನ್ನು ಕಂಡು, ‘ಹೊಳೆಯು ಹೀಗೆ ಬಂದಾಗಲೆಲ್ಲ ಮೇಲೆ ಮಳೆಯಾಗಿರುತ್ತದೆ’ ಎಂಬ ನಿಯಮಕ್ಕೆ ಏರುವುದು ಅನುಗಮನ. ಆ ನಿಯಮವನ್ನು ಹಿಡಿದು, ‘ಇಂದು ಹೊಳೆ ಬಂದಿದೆ, ಆದುದರಿಂದ ಮಳೆಯಾಗಿದೆ’ ಎಂದು ಇಳಿಯುವುದು ನಿಗಮನ. ನಿಯಮವು ನಿಜವಾದರೆ ಇಳಿದು ಬಂದ ಫಲವೂ ನಿಜವಾಗಲೇಬೇಕು. ಮೋಸವು ಹೊಂಚಿರುವುದು ಏರುವಲ್ಲಿ. ನೂರು ಸಲ ಕಂಡುದು ನೂರೊಂದನೆಯ ಸಲ ಹುಸಿಯಾಗಬಹುದು.

ನ್ಯಾಯಸೂತ್ರದ ಪೂರ್ವಪಕ್ಷಿಯೂ ಇದನ್ನೇ ಕೇಳುತ್ತಾನೆ: ಕೆಳಗೆ ಅಡ್ಡಗಟ್ಟಿದರೂ ಹೊಳೆ ತುಂಬುವುದಲ್ಲವೇ? ಅದಕ್ಕೆ ಉತ್ತರವೆಂದರೆ, ಬರಿಯ ತುಂಬುವಿಕೆಯು ಹೇತುವಲ್ಲ. ನೀರಿನ ಸೆಳವು, ನೊರೆ, ತೇಲಿಬರುವ ಎಲೆ ಹಣ್ಣು ಕಟ್ಟಿಗೆ, ಇವುಗಳಿಂದ ಕೂಡಿದ ತುಂಬುವಿಕೆಯೇ ಹೇತು. ಈ ಚರ್ಚೆಯು ತಿಕೋಟಾ ಬಬಲೇಶ್ವರಗಳ ಸೀಮೆಗೆ ಇಂದು ಬರಿಯ ಪುಸ್ತಕದ ಮಾತಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಕೆರೆಗಳಿಗೆ ಹರಿಸಿದ ಮೇಲೆ, ‘ಕೆರೆ ತುಂಬಿದೆ, ಆದುದರಿಂದ ಮಳೆ ಚೆನ್ನಾಗಿದೆ’ ಎಂಬ ಅಜ್ಜಂದಿರ ನಿಯಮವು ಮುರಿಯಿತು. ಅಜ್ಜಂದಿರು ದಡ್ಡರಲ್ಲ, ಅವರ ಕಾಲಕ್ಕೆ ಕೆರೆ ತುಂಬಲು ಬೇರೆ ದಾರಿಯಿರಲಿಲ್ಲ.

ಒಂದೇ ಕಾರ್ಯಕ್ಕೆ ಬೇರೊಂದು ಕಾರಣವಿರಬಹುದೆಂಬ ಈ ಎಚ್ಚರವು ಶರಣರ ಗೋಷ್ಠಿಯಲ್ಲಿಯೂ ಕಂಡುಬರುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುದೇವರು ಪರೀಕ್ಷಿಸುವ ಪ್ರಸಂಗವು ಸದ್ಭಕ್ತರಿಗೆ ತಿಳಿದುದೇ. ಸೀರೆಯನ್ನು ತೊರೆದವಳು ಕೂದಲನ್ನು ಮರೆಮಾಡಿಕೊಂಡುದೇಕೆ? ಮರೆಯಿದ್ದಲ್ಲಿ ಲಜ್ಜೆಯಿದೆ, ಲಜ್ಜೆಯಿದ್ದಲ್ಲಿ ದೇಹಭಾವವು ಹರಿದಿಲ್ಲ ಎಂಬ ಅನುಮಾನವು ಆ ಪ್ರಶ್ನೆಯೊಳಗೆ ಅಡಗಿದೆ. ಅಕ್ಕನು ಮರೆಯನ್ನು ಅಲ್ಲಗಳೆಯುವುದಿಲ್ಲ. ಅದರ ಕಾರಣವೇ ಬೇರೆಯೆಂದು ತೋರುತ್ತಾಳೆ. ಅದು ತನ್ನ ಲಜ್ಜೆಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು. ಪ್ರಭುದೇವರು ನಿಷ್ಠುರವಾಗಿಯೇ ಕೇಳಿದರು, ಆದರೆ ಕೇಳಿದರು. ಉತ್ತರವನ್ನು ಆಲಿಸಿ ಕಡೆಗೆ ಆಕೆಯ ನಿಲವನ್ನು ಒಪ್ಪಿದರು.

ಸಂಸಾರಿಗಳ ಮನೆಗಳಲ್ಲಿ ತಪ್ಪಿಹೋಗುವುದು ಈ ಕೇಳುವ ಹೆಜ್ಜೆಯೇ. ಹೊಸ ಸೊಸೆಯು ಹೊಸ್ತಿಲು ತುಳಿದ ವರ್ಷ ಕೊಳವೆಬಾವಿ ಬತ್ತುತ್ತದೆ, ಎತ್ತೊಂದು ಸಾಯುತ್ತದೆ. ‘ಇವಳ ಕಾಲ್ಗುಣ’ ಎಂದು ಅತ್ತೆ ಮೊದಲು ಅನ್ನುತ್ತಾಳೆ, ಓಣಿಯು ಆಮೇಲೆ ಅನ್ನುತ್ತದೆ. (ಬೆಳೆ ಚೆನ್ನಾಗಿ ಬಂದ ವರ್ಷ ಆ ಕಾಲ್ಗುಣವನ್ನು ಯಾರೂ ನೆನೆಯುವುದಿಲ್ಲ, ಆಗ ಅದು ಮಗನ ದುಡಿಮೆ.) ನೂರು ಸಲ ಕಂಡ ನಿಯಮವೇ ಮುರಿಯಬಹುದಾದರೆ, ಒಂದೇ ಸಲದ ಕಾಣ್ಕೆಯ ಮೇಲೆ ನಿಂತ ಈ ನಿಯಮಕ್ಕೆ ಬಲವೆಲ್ಲಿಯದು? ಒಂದರ ಬೆನ್ನಿಗೆ ಬಂದುದೆಲ್ಲ ಅದರ ಫಲವಾಗದು.

ತಾರ್ಕಿಕರು ಅನ್ವಯ ವ್ಯತಿರೇಕಗಳೆಂಬ ಎರಡು ಪರೀಕ್ಷೆಗಳನ್ನು ಹೇಳುತ್ತಾರೆ. ಕಾರಣವಿದ್ದಲ್ಲಿ ಕಾರ್ಯವಿದೆಯೇ? ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲವೇ? ಸೊಸೆ ಬಂದ ಎಷ್ಟು ಮನೆಗಳಲ್ಲಿ ನೀರು ಉಳಿದಿದೆ, ಮದುವೆಯೇ ನಡೆಯದ ಎಷ್ಟು ಮನೆಗಳ ಬಾವಿಗಳು ಅದೇ ಬೇಸಗೆಯಲ್ಲಿ ಬತ್ತಿವೆ, ಆ ವರ್ಷ ಮಳೆ ಎಷ್ಟಾಯಿತು, ಸುತ್ತಣ ದ್ರಾಕ್ಷಿತೋಟಗಳಿಗೆ ಹೊಸದಾಗಿ ಎಷ್ಟು ಬಾವಿಗಳನ್ನು ಎಷ್ಟು ಆಳಕ್ಕೆ ಕೊರೆಯಿಸಿದರು, ಇವನ್ನು ವಿಚಾರಿಸದೆ ಹುಡುಗಿಯೊಬ್ಬಳು ಜನ್ಮವೆಲ್ಲ ಆ ಮಾತನ್ನು ಹೊರಬೇಕಾಗುತ್ತದೆ. ನೆರೆಯ ಹತ್ತು ಮನೆಗಳ ಬಾವಿಯ ಸ್ಥಿತಿಯನ್ನು ಕೇಳಿಬರಲು ಅತ್ತೆಗೆ ಒಂದು ಸಂಜೆ ಸಾಕು.