ಕದ್ದಿಲ್ಲ ಎಂಬುದು ಉತ್ತರವಲ್ಲ

ಮಹಾನಗರ ಪಾಲಿಕೆಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಮಾತು ‘ಉಳಿತಾಯ ಬಜೆಟ್’. ಅದರ ಬೆನ್ನಿಗೆ ಆರೋಪ, ಆರೋಪದ ಬೆನ್ನಿಗೆ ಸವಾಲು: ‘ಒಂದು ರೂಪಾಯಿ ತಿಂದಿದ್ದು ತೋರಿಸಲಿ, ರಾಜೀನಾಮೆ ಬಿಸಾಕ್ತೀನಿ.’ ತೋರಿಸುವವರು ಯಾರೂ ಮುಂದೆ ಬರುವುದಿಲ್ಲ, ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಸಂಜೆ ವಾಕಿಂಗ್ ಮುಗಿಸಿ ಕೂತವರ ಹರಟೆಯದ್ದೂ ಇದೇ ದಾರಿ. ಇಂಥವರು ಕಳ್ಳರು, ಇಂಥವರು ಬಂಗಾರದಂಥ ಮನುಷ್ಯರು ಎಂದು ಪಟ್ಟಿ ಮಾಡಿ ಎದ್ದರೆ ಉತ್ತರದಾಯಿತ್ವದ ಬಗ್ಗೆ ಮಾತಾಡಿದ ಸಮಾಧಾನ. 2021ರಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದ ಮೇಲೆ ರಾಜ್ಯವೆಲ್ಲ ಎರಡು ವರ್ಷ ಶೇ 40ರ ಕಮಿಷನ್ನಿನ ಮಾತಾಡಿತು. ಆಡಬೇಕಾದ ಮಾತೇ. ಆದರೆ ಆ ಗದ್ದಲದಲ್ಲಿ ಒಂದು ದೊಡ್ಡ ವಿಚಾರ ಕಮಿಷನ್ ಲೆಕ್ಕದಷ್ಟಕ್ಕೆ ಕುಗ್ಗಿಹೋಯಿತು.

ಪ್ರಾಮಾಣಿಕತೆ ಒಬ್ಬ ವ್ಯಕ್ತಿಯ ಗುಣ. ಯಾರೂ ನೋಡದ ಕೋಣೆಯಲ್ಲೂ ಪ್ರಾಮಾಣಿಕರಾಗಿರಬಹುದು. ನಿಜ ಹೇಳಬೇಕೆಂದರೆ ಅಲ್ಲೇ ಅದರ ಪರೀಕ್ಷೆ. ಉತ್ತರದಾಯಿತ್ವ ಹಾಗೆ ಒಬ್ಬರೇ ಇಟ್ಟುಕೊಳ್ಳಬಹುದಾದ ವಸ್ತುವಲ್ಲ. ಅದಕ್ಕೆ ಕನಿಷ್ಠ ಮೂರು ಸಂಗತಿ ಬೇಕು: ಯಾರು, ಯಾವುದಕ್ಕೆ, ಯಾರಿಗೆ. ಮೂರನೆಯದು ಬಿದ್ದುಹೋದರೆ ಉಳಿದೆರಡು ಎಷ್ಟೇ ಗಟ್ಟಿಯಾಗಿದ್ದರೂ ಸಂಬಂಧವೇ ಇಲ್ಲ. ‘ನಾನು ನನ್ನ ಆತ್ಮಸಾಕ್ಷಿಗೆ ಉತ್ತರದಾಯಿ’ ಎಂದು ವೇದಿಕೆಯಲ್ಲಿ ಎದೆ ಮುಟ್ಟಿಕೊಂಡು ಹೇಳುವವರು ಮೂರನೆಯ ಜಾಗದಲ್ಲಿ ತಮ್ಮನ್ನೇ ಕೂರಿಸಿಕೊಂಡಿರುತ್ತಾರೆ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ.

ನನಗೆ ಇಷ್ಟದ ಉದಾಹರಣೆ ಗ್ರಂಥಾಲಯದ್ದು. ಅದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಕಳ್ಳನೇ ಇಲ್ಲ.

ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಸಿಗಲೆಂದು ಓಡಿಹೋಗಿ ಆಸ್ತಿ ತೆರಿಗೆ ಕಟ್ಟುವವರು ಚಲನ್ ಅನ್ನು ಒಮ್ಮೆ ಪೂರ್ತಿ ಓದಬೇಕು. ತೆರಿಗೆಯ ಕೆಳಗೆ ಕೆಲವು ಸೆಸ್ಸುಗಳಿವೆ: ಆರೋಗ್ಯದ ಹೆಸರಿನಲ್ಲಿ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯ ಸೆಸ್ಸಿನ ಹಿಂದೆ ಇರುವುದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಈ ಹಣ ಪಾಲಿಕೆಯದ್ದಲ್ಲ. ಪಾಲಿಕೆ ಬರೀ ವಸೂಲಿದಾರ. ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ತಲುಪಿಸಬೇಕು. ರಾಜ್ಯದ ಎಷ್ಟೋ ಸ್ಥಳೀಯ ಸಂಸ್ಥೆಗಳು ಅದನ್ನು ತಲುಪಿಸದೆ ಬಾಕಿ ಉಳಿಸಿಕೊಂಡಿರುವುದು ಹಳೆಯ ಸುದ್ದಿ. ಬೆಂಗಳೂರಿನ ಬಾಕಿಯೊಂದೇ ನೂರಾರು ಕೋಟಿಗೆ ಏರಿತ್ತು.

ಹಾಗಾದರೆ ಆ ಹಣ ಯಾರ ಜೇಬಿಗೆ ಹೋಯಿತು? ಯಾರ ಜೇಬಿಗೂ ಇಲ್ಲ. ಪೌರಕಾರ್ಮಿಕರ ಸಂಬಳ ತಡವಾಗಬಾರದೆಂದು ಬಳಸಿರಬಹುದು, ಬೀದಿದೀಪದ ಕರೆಂಟ್ ಬಿಲ್ಲಿಗೆ ಕಟ್ಟಿರಬಹುದು, ಇಲ್ಲವೇ ಬ್ಯಾಂಕಿನಲ್ಲೇ ಸುಮ್ಮನೆ ಬಿದ್ದಿರಬಹುದು. ವೋಚರ್ ಸರಿಯಾಗಿದೆ, ನಗದು ಪುಸ್ತಕ ತಾಳೆಯಾಗುತ್ತದೆ. ಲೆಕ್ಕಪರಿಶೋಧಕರು ಬಂದು ‘ಗ್ರಂಥಾಲಯ ಕರ ಪಾವತಿಸಿಲ್ಲ’ ಎಂದು ಆಕ್ಷೇಪಣೆ ಬರೆಯುತ್ತಾರೆ. ‘ಅನುದಾನದ ಲಭ್ಯತೆ ನೋಡಿಕೊಂಡು ಪಾವತಿಸಲಾಗುವುದು’ ಎಂಬಂಥ ಅನುಪಾಲನಾ ವರದಿ ಹೋಗುತ್ತದೆ. ಮುಂದಿನ ವರ್ಷ ಅದೇ ಕಂಡಿಕೆ, ಅದೇ ಉತ್ತರ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಪ್ರತಿಗಳನ್ನೂ ಕೊಡುತ್ತಾರೆ. ಮುಚ್ಚಿಟ್ಟದ್ದು ಏನೂ ಇಲ್ಲ. ಬಾಕಿ ಹಣ ಖಾತೆಯಲ್ಲೇ ಉಳಿದರೆ ಪ್ರಾರಂಭಿಕ ಶಿಲ್ಕು ಹಿಗ್ಗುತ್ತದೆ, ಬಜೆಟ್ ‘ಉಳಿತಾಯ’ದ್ದಾಗಿ ಕಾಣುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳಿಗೆಂದು ಮೀಸಲಿಟ್ಟು ಖರ್ಚಾಗದೆ ಉಳಿದ ಶೇ 24.10ರ ನಿಧಿಯೂ ಅದೇ ಶಿಲ್ಕಿನಲ್ಲಿ ಸೇರಿಕೊಂಡು ಜಾಣ್ಮೆಯ ವೇಷ ಹಾಕಬಹುದು.

ಇಲ್ಲಿ ಪ್ರಾಮಾಣಿಕತೆಗೆ ಕೊರತೆ ಇಲ್ಲ, ಪಾರದರ್ಶಕತೆಗೂ ಇಲ್ಲ. ಆದರೂ ಏನೋ ಪೂರ್ತಿ ಕೆಟ್ಟುಹೋಗಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬೆಳಿಗ್ಗೆಯೇ ಬಂದು ಹಳೆಯ ಆವೃತ್ತಿಯ ಪುಸ್ತಕ ಹಿಡಿದು ಕೂತ ಹುಡುಗಿ ಈ ಇಡೀ ಕಾಗದಪತ್ರದಲ್ಲಿ ಎಲ್ಲೂ ಇಲ್ಲ. ಪ್ರಶ್ನೆ ಅವಳದ್ದು. ಉತ್ತರ ಹೋಗುತ್ತಿರುವುದು ಲೆಕ್ಕಪರಿಶೋಧಕರಿಗೆ. ‘ಇದು ನನಗೆ ಒಪ್ಪಿಗೆಯಿಲ್ಲ’ ಎಂದು ಅವಳು ಹೇಳಬಹುದಾದ ಜಾಗವೇ ಇಲ್ಲ.

ಅಮೆರಿಕದ ತತ್ತ್ವಜ್ಞ ಸ್ಟೀಫನ್ ಡಾರ್ವಾಲ್ 2006ರ ತಮ್ಮ ಗ್ರಂಥದಲ್ಲಿ ಕಾಲು ತುಳಿದ ಪ್ರಸಂಗವೊಂದನ್ನು ಬಳಸುತ್ತಾರೆ. ಅದನ್ನು ಹರಿಹರದಿಂದ ದಾವಣಗೆರೆಗೆ ಬರುವ ಬೆಳಗಿನ ಬಸ್ಸಿಗೆ ಹತ್ತಿಸಿ ನೋಡೋಣ. ಯಾರೋ ನಿಮ್ಮ ಕಾಲಿನ ಮೇಲೆ ನಿಂತಿದ್ದಾರೆ. ನೀವು ನರಳಿದ್ದು ಕೇಳಿ ಕನಿಕರದಿಂದ ಅವರು ಕಾಲು ತೆಗೆಯಬಹುದು. ಲೋಕದಲ್ಲಿ ಒಂದು ನೋವು ಕಡಿಮೆಯಾಯಿತು, ಒಳ್ಳೆಯದೇ. ಇಲ್ಲವೇ ‘ರೀ ಸ್ವಾಮಿ, ಅದು ನನ್ನ ಕಾಲು, ತೆಗೀರಿ’ ಎಂದು ನೀವು ಹೇಳಿದ್ದಕ್ಕೆ ತೆಗೆಯಬಹುದು. ಎರಡರಲ್ಲೂ ಕಾಲು ಮೇಲೆದ್ದಿತು. ಆದರೆ ಎರಡನೆಯದರಲ್ಲಿ ಮಾತ್ರ ಕೇಳುವ ಅಧಿಕಾರ ನಿಮಗಿದೆ ಎಂದು ಎದುರಿನವರು ಒಪ್ಪಿಕೊಂಡಂತಾಯಿತು. ಡಾರ್ವಾಲ್ ಪ್ರಕಾರ ಹೊಣೆಯ ಬೇರು ಇರುವುದೇ ಅಲ್ಲಿ, ನಾನು-ನೀವು ಎಂಬ ಮುಖಾಮುಖಿಯಲ್ಲಿ. ಬಜೆಟ್ ಪೂರ್ವಭಾವಿ ಸಭೆಗಳು ಸೊರಗುವುದು ಇದೇ ಕಾರಣಕ್ಕೆ. ಅಲ್ಲಿ ನಾಗರಿಕರಿಂದ ಸಲಹೆ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಚಹಾ ಕೊಡುತ್ತಾರೆ. ಹೋದ ವರ್ಷ ಕೊಟ್ಟ ಸಲಹೆ ಏನಾಯಿತು ಎಂದು ಕೇಳಿದರೆ ಮಾತ್ರ ಸಭೆಗೆ ಸಮಯ ಸಾಲದು. ಸಲಹೆ ಕೇಳುವುದು ಅವರ ಸೌಜನ್ಯ; ಲೆಕ್ಕ ಒಪ್ಪಿಸುವುದು ನಮ್ಮ ಹಕ್ಕಿಗೆ ಸಲ್ಲಬೇಕಾದದ್ದು.

ಈ ವಿಚಾರದಲ್ಲಿ ನನಗೆ ಎಂದೂ ಹಿಡಿಸದ ಒಬ್ಬ ಪಂಡಿತರಿದ್ದಾರೆ, ಹಾರ್ವರ್ಡ್‌ನ ಕಾರ್ಲ್ ಫ್ರೆಡ್ರಿಕ್. 1940ರಲ್ಲಿ ಅವರು ಮಂಡಿಸಿದ ವಾದ ಹೀಗಿತ್ತು: ಆಡಳಿತ ಈಗ ತೀರ ತಾಂತ್ರಿಕವಾಗಿದೆ; ಚುನಾಯಿತರು ಹೊರಗಿನಿಂದ ಎಷ್ಟೆಂದು ಹಿಡಿತ ಇಟ್ಟಾರು; ಅಧಿಕಾರಿಯ ವೃತ್ತಿಧರ್ಮ, ತಜ್ಞರ ವಲಯದ ಮೆಚ್ಚುಗೆ-ಟೀಕೆ, ಜನರ ಭಾವನೆಗೆ ಅವನ ಸ್ಪಂದನೆ, ಇವೇ ನಿಜವಾದ ಕಡಿವಾಣ. ಮರುವರ್ಷವೇ ಹರ್ಮನ್ ಫೈನರ್ ಇದಕ್ಕೆ ಉತ್ತರ ಬರೆದರು. ಅಧಿಕಾರಿ ತನ್ನ ಹೊಣೆಯ ಗಡಿಯನ್ನು ತಾನೇ ಗೆರೆ ಎಳೆದುಕೊಳ್ಳುವಂತಿಲ್ಲ, ಆ ಗೆರೆಯನ್ನು ಚುನಾಯಿತ ಪ್ರತಿನಿಧಿಗಳೇ ಎಳೆಯಬೇಕು ಎಂಬುದು ಅವರ ಪಟ್ಟು. ನಾನು ಮೇಲೆ ಹೇಳಿದ ಯಾರು-ಯಾವುದಕ್ಕೆ-ಯಾರಿಗೆ ಎಂಬ ಲೆಕ್ಕವೂ ಅವರ ದಾರಿಯದ್ದೇ. ಫ್ರೆಡ್ರಿಕ್ ಪರವಾಗಿ ಒಂದು ಮಾತು ಹೇಳಲೇಬೇಕು: ಯಾರೂ ಕೇಳದ ಕಡೆ ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಅದು ಆತ್ಮಸಾಕ್ಷಿಯ ದೆಸೆಯಿಂದಲೇ. ಆದರೆ ಒಳ್ಳೆಯ ಅಧಿಕಾರಿಗೆ ವರ್ಗಾವಣೆಯಾದ ದಿನ ಆ ಆತ್ಮಸಾಕ್ಷಿಯೂ ಸಾಮಾನಿನ ಜೊತೆ ಲಾರಿ ಹತ್ತುತ್ತದೆ. ಊರಿಗೆ ಉಳಿಯುವುದೇನು?

ಫ್ರೆಡ್ರಿಕ್ ಪುಸ್ತಕದಲ್ಲಿ ಸೋತಿದ್ದರೂ ನಮ್ಮ ಊರಿನಲ್ಲಿ ಗೆದ್ದಿದ್ದಾರೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ ಬಂದಾಗ ಬೆಳಗಾವಿಯ ಜೊತೆ ದಾವಣಗೆರೆಯೂ ಅದರಲ್ಲಿತ್ತು. ಕೇಂದ್ರದಿಂದ ನಗರಕ್ಕೆ 500 ಕೋಟಿ, ಅಷ್ಟೇ ಮೊತ್ತ ಈ ಕಡೆಯಿಂದ ಎಂಬುದು ಯೋಜನೆಯ ಲೆಕ್ಕಾಚಾರ. ಖರ್ಚು ಮಾಡಲು ಪಾಲಿಕೆಯ ಹೊರಗೆ, ಕಂಪನಿ ಕಾಯ್ದೆಯಡಿ, ಬೇರೆಯೇ ಒಂದು ಲಿಮಿಟೆಡ್ ಕಂಪನಿ. ಈ ಕಾಮಗಾರಿಗಳ ಮಟ್ಟಿಗೆ ಪಾಲಿಕೆ ತನ್ನ ಅಧಿಕಾರವನ್ನು ಕಂಪನಿಗೆ ವಹಿಸುವಂತೆ ಮಾರ್ಗಸೂಚಿಯೇ ಹುರಿದುಂಬಿಸಿತು. ದಿನವಿಡೀ ನೀರು ಕೊಡುವ ಜಲಸಿರಿ ಇನ್ನೊಂದು ಮಾದರಿ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ. ಜಾರಿ ಮಾಡುವುದು ರಾಜ್ಯದ ನಗರ ಮೂಲಸೌಕರ್ಯ ಹಣಕಾಸು ನಿಗಮ. ಬ್ಯಾಂಕಿಗೆ ವರದಿ ಹೋಗುತ್ತದೆ, ನಿಗಮಕ್ಕೆ ವರದಿ ಹೋಗುತ್ತದೆ.

ಪೈಪಿಗೆಂದು ಅಗೆದ ರಸ್ತೆ ಹಾಗೇ ಬಿದ್ದಿದ್ದರೆ ನಾವು ಯಾರ ಮನೆ ಬಾಗಿಲು ಬಡಿಯುತ್ತೇವೆ? ಬ್ಯಾಂಕಿನದ್ದಲ್ಲ, ಕಂಪನಿಯ ನಿರ್ದೇಶಕರದ್ದಲ್ಲ. ವಾರ್ಡಿನ ಕಾರ್ಪೊರೇಟರ್ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ‘ಏನಣ್ಣಾ, ಓಟು ಹಾಕಿಸಿಕೊಂಡು ಹೋದವರು ಈ ಕಡೆ ತಲೆನೇ ಹಾಕಲಿಲ್ವಲ್ಲ’ ಎಂದು ಗೇಟಿನ ಮುಂದೆ ನಿಲ್ಲುತ್ತೇವೆ. ಅವರ ಕೈಯಲ್ಲಿ ಆ ಕಾಮಗಾರಿಯ ಅಂದಾಜುಪಟ್ಟಿಯೂ ಇರುವುದಿಲ್ಲ. ಖರ್ಚಿನ ಅಧಿಕಾರ ಇದ್ದವರಿಗೆ ಬೈಗುಳ ಇಲ್ಲ, ಬೈಗುಳ ತಿನ್ನುವವರಿಗೆ ಅಧಿಕಾರ ಇಲ್ಲ. ಕಾರ್ಪೊರೇಟರುಗಳು ಸಾಚಾ ಎಂದು ನಾನು ಹೇಳುತ್ತಿಲ್ಲ. 45 ವಾರ್ಡುಗಳಲ್ಲಿ ಎಲ್ಲ ಬಗೆಯವರೂ ಸಿಗುತ್ತಾರೆ. ಆದರೂ ಗೇಟಿನ ಮುಂದೆ ನಿಂತು ಕೇಳಬಹುದಾದ ಮನುಷ್ಯ ಗೇಟೇ ಇಲ್ಲದ ಕಂಪನಿಗಿಂತ ಪ್ರಜಾಪ್ರಭುತ್ವಕ್ಕೆ ಹತ್ತಿರ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರು 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಡಿಸಿ, ಹಿರಿಯ ಐಎಎಸ್ ಅಧಿಕಾರಿಯನ್ನು ಅವರ ಕೈಕೆಳಗೆ ಇಟ್ಟರು. ಹಳ್ಳಿಗೆ ಆಗ ಸಿಕ್ಕ ಆ ಧೈರ್ಯ ನಗರಕ್ಕೆ ಇನ್ನೂ ಸಿಕ್ಕಿಲ್ಲ.

ಸಂವಿಧಾನ ದಾರಿ ತೋರಿಸಿಲ್ಲ ಎಂದಲ್ಲ. 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಅದು ಹೇಳುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು. ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಕೂತು, ಈ ವಾರ್ಡಿನಲ್ಲಿ ವಸೂಲಾದ ಸೆಸ್ಸೆಷ್ಟು, ತಲುಪಿಸಿದ್ದೆಷ್ಟು ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ನಡಾವಳಿಯಲ್ಲಿ ಬರೆಸಿದರೆ, ಗ್ರಂಥಾಲಯದ ಆ ಹುಡುಗಿಗೆ ಒಂದು ಕುರ್ಚಿ ಸಿಕ್ಕಂತೆ.

ಇದಕ್ಕೆ ತೀರ ವಿರುದ್ಧದ ಸ್ಥಿತಿಯೂ ನಮ್ಮಲ್ಲಿದೆ. ಪಾಲಿಕೆಯ ಅವಧಿ ಮುಗಿದು ಚುನಾವಣೆ ನಡೆಯದಿದ್ದಾಗ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸುತ್ತದೆ. ಕೌನ್ಸಿಲ್‌ನ ಅಧಿಕಾರವೆಲ್ಲ ಅವರಿಗೇ. 2019ರಲ್ಲಿ ನಮ್ಮ ಪಾಲಿಕೆಯೂ ಅಂಥ ಕಾಲ ಕಂಡಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷ ವರ್ಷವೂ ಸಾವಿರಾರು ಕೋಟಿಯ ಬಜೆಟ್ ಹೀಗೇ ಪಾಸಾಯಿತು. ಅಧಿಕಾರಿಗಳು ತಯಾರಿಸಿದರು, ಆಡಳಿತಾಧಿಕಾರಿ ಅನುಮೋದಿಸಿದರು. ‘ಒಪ್ಪುವುದಿಲ್ಲ’ ಎಂದು ಎದ್ದು ನಿಲ್ಲಬೇಕಾದ ಸದಸ್ಯರ ಸಾಲು ಖಾಲಿ ಇತ್ತು. ಒಂದು ರೂಪಾಯಿಯೂ ಕಳವಾಗಿಲ್ಲ ಎಂದೇ ಇಟ್ಟುಕೊಳ್ಳಿ. ಆ ಲೆಕ್ಕವನ್ನು ಒಪ್ಪಿಸಿದ್ದು ಯಾರಿಗೆ?