ಹೋದ ಜನ್ಮದ ಮೆಹಫಿಲು

ಯಲಹಂಕ ನ್ಯೂಟೌನಿನಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೌಹರ್ ಜಾನ್ ಅವರ ಹಳೆಯ ಠುಮರಿ ಕೇಳುತ್ತಿದ್ದಾಳೆ ಎಂದಿಟ್ಟುಕೊಳ್ಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗಾಯಕಿ ಆಕೆ. ಹಾಡು ಮುಗಿಯುತ್ತಿದ್ದಂತೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದರು. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗರಗರ ಸದ್ದಿನ ನಡುವೆ ಆ ದನಿ ಏಳುತ್ತಲೇ ಹುಡುಗಿಯ ಮೈ ಜುಮ್ಮೆನ್ನುತ್ತದೆ. ದೀಪದ ಗೊಂಚಲು, ಸಾರಂಗಿ, ಅತ್ತರು, ಎದುರು ಕೂತವನ ನೋಟ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ನಾನು ಅಲ್ಲಿದ್ದೆ ಅನ್ನಿಸುತ್ತದೆ.

ಇದನ್ನು ನೆನಪು ಎನ್ನಬಹುದೇ? ಈ ಪ್ರಶ್ನೆಗೆ ನಮ್ಮ ದರ್ಶನಗಳು ಕೊಟ್ಟ ಉತ್ತರ ಪುನರ್ಜನ್ಮವನ್ನು ನಂಬುವವರಿಗೂ ನಂಬದವರಿಗೂ ಉಪಯೋಗಕ್ಕೆ ಬರುವಂಥದು.

ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿದುಕೊಳ್ಳಬೇಕು: ಅನುಭವ, ಸಂಸ್ಕಾರ, ಸ್ಮೃತಿ. ಕಂಡದ್ದು ಕೇಳಿದ್ದು ಮುಗಿದುಹೋದರೂ ಅದರ ಅಚ್ಚು ಒಳಗೆ ಉಳಿಯುತ್ತದೆ, ಅದು ಸಂಸ್ಕಾರ. ಒಂದು ಹೋಲಿಕೆಯೋ ಒಂದು ದನಿಯೋ ಅದನ್ನು ತಟ್ಟಿದಾಗ ಅದು ಸ್ಮೃತಿಯಾಗಿ ಮೇಲೇಳುತ್ತದೆ. ಹಳೆಯ ಅಚ್ಚು ಒಲವಾಗಿ, ಚಾಳಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ವಾಸನೆ ಎನ್ನುತ್ತಾರೆ. ಹುಟ್ಟಿದ ಕೂಸು ಯಾರೂ ಕಲಿಸದೆ ಮೊಲೆಗೆ ಬಾಯಿ ಹಾಕುವುದನ್ನು ಗೌತಮನ ನ್ಯಾಯಸೂತ್ರ ಹಿಂದಿನ ಜನ್ಮದ ಅಭ್ಯಾಸಕ್ಕೆ ಸಾಕ್ಷಿಯೆಂದು ಮುಂದಿಡುತ್ತದೆ. ಕಬ್ಬಿಣ ಸೂಜಿಗಲ್ಲಿನತ್ತ ಸರಿಯುವುದಿಲ್ಲವೇ, ಇದೂ ಹಾಗೆಯೇ ಯಾಕಿರಬಾರದು ಎಂಬ ಆಕ್ಷೇಪವನ್ನೂ ಅದೇ ಎತ್ತಿ ಉತ್ತರಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಈ ವಾದವನ್ನು ಒಪ್ಪಿದರೂ ಕೂಸಿಗೆ ಹೋದ ಜನ್ಮದ ತಾಯಿಯ ಮುಖ, ಮನೆ, ಊರು ಯಾವುದೂ ನೆನಪಿರುವುದಿಲ್ಲ. ಒಲವು ದಾಟಿ ಬರುತ್ತದೆ, ವಿವರ ಬರುವುದಿಲ್ಲ.

ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ಇದೇ ಸ್ಥಿತಿ ಇದೆ. ಒಳಮನೆಯಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ದುಷ್ಯಂತನಿಗೆ ಅಗಲಿದವರು ಯಾರೂ ಇಲ್ಲವೆಂದು ಗೊತ್ತು. ಆದರೂ ಮನಸ್ಸು ತಳಮಳಿಸುತ್ತದೆ. ಚೆಲುವಾದದ್ದನ್ನು ಕಂಡಾಗ, ಇಂಪಾದದ್ದನ್ನು ಕೇಳಿದಾಗ ಸುಖವಾಗಿರುವವನಿಗೂ ಹೀಗಾಗುವುದಕ್ಕೆ ಜನ್ಮಾಂತರದ ಸ್ನೇಹಗಳೇ ಕಾರಣವಿರಬೇಕು ಎಂದುಕೊಳ್ಳುತ್ತಾನೆ. ಅಭಿನವಗುಪ್ತನು ಈ ಪದ್ಯವನ್ನು ಎತ್ತಿಕೊಂಡು, ಇಲ್ಲಿ ಹೇಳಿರುವುದು ತಾರ್ಕಿಕರು ಹೇಳುವ ಸ್ಮೃತಿಯಲ್ಲ ಎಂದು ಸ್ಪಷ್ಟಪಡಿಸುತ್ತಾನೆ. ಇದು ರಸಾನುಭವಕ್ಕೆ ಹತ್ತಿರದ ಸ್ಥಿತಿ. ತಮಾಷೆಯೆಂದರೆ, ದುಷ್ಯಂತ ಮರೆತಿದ್ದ ಶಕುಂತಲೆ ಇದೇ ಜನ್ಮದವಳು. ಕಾರಣ ಪಕ್ಕದಲ್ಲೇ ಇರುವಾಗ ಅವನು ಜನ್ಮಾಂತರಕ್ಕೆ ಕೈಚಾಚಿದ್ದ.

ವಿವರಗಳ ಸಮೇತ ಬರುವ ನೆನಪಿಗೆ ಜೈನ ಪರಂಪರೆಯಲ್ಲಿ ಜಾತಿಸ್ಮರಣ ಎಂಬ ಹೆಸರಿದೆ. ಪಂಪನ ಆದಿಪುರಾಣದಲ್ಲಿ (941) ಶ್ರೀಮತಿ ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು ಮೂರ್ಛೆ ಹೋಗುತ್ತಾಳೆ. ಸ್ವರ್ಗದಲ್ಲಿ ತಾನು ಸ್ವಯಂಪ್ರಭೆಯಾಗಿ ಲಲಿತಾಂಗನೊಡನೆ ಬಾಳಿದ್ದು ನೆನಪಾಗುತ್ತದೆ. ಅವಳು ಆ ಬದುಕನ್ನು ಪಟದಲ್ಲಿ ಬರೆಯುತ್ತಾಳೆ. ದಾದಿ ಪಂಡಿತೆ ಅದನ್ನು ಜಿನಾಲಯದಲ್ಲಿ ತೆರೆದಿಡುತ್ತಾಳೆ. ಪಂಪನಿಗೆ ಆಕರವಾದ ಜಿನಸೇನನ ಕಥೆಯಲ್ಲಿ, ಲಲಿತಾಂಗ ನಾನೇ ಎಂದು ಸುಳ್ಳು ಹೇಳಿಕೊಂಡು ಬಂದವರು ಪಂಡಿತೆಯ ಪ್ರಶ್ನೆಗೆ ಉತ್ತರ ತೋಚದೆ ನಾಚಿ ಹಿಂದಿರುಗುತ್ತಾರೆ. ಲಲಿತಾಂಗನ ಮರುಹುಟ್ಟಾದ ವಜ್ರಜಂಘನೊಬ್ಬನೇ ಚಿತ್ರದ ಗುಟ್ಟು ಬಲ್ಲವನು. ಪುರಾಣದಲ್ಲೂ ನೆನಪಿಗೆ ಪರೀಕ್ಷೆ ತಪ್ಪಲಿಲ್ಲ.

ಆ ಪರೀಕ್ಷೆಯನ್ನು ನಮ್ಮ ಕಾಲಕ್ಕೆ ಹತ್ತಿರದಲ್ಲಿ ಮಾಡಿದವನು ಜಿನೀವಾದ ಮನಶ್ಶಾಸ್ತ್ರಜ್ಞ ಥಿಯೋಡೋರ್ ಫ್ಲೂರ್ನ್ವಾ. ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಅವನು ಎಲೆನ್ ಸ್ಮಿತ್ ಎಂದು ಹೆಸರಿಟ್ಟು ಬರೆದ ಹೆಂಗಸು ಪರವಶಳಾದಾಗ ಸಿಮಂದಿನಿ ಎಂಬ ರಾಣಿಯಾಗುತ್ತಿದ್ದಳು. ಗಂಡ ಶಿವ್ರೂಕ ನಾಯಕ, ನಾಡು ಕೆನರಾ, 1401ರಲ್ಲಿ ಅವನು ಕಟ್ಟಿಸಿದ್ದು ಚಂದ್ರಗಿರಿ ಕೋಟೆ. ಅವಳು ಹಾಡುತ್ತಿದ್ದಳು, ಗಂಡನ ಚಿತೆ ಏರುತ್ತಿದ್ದಳು. ಎದುರು ಕೂತ ಫ್ಲೂರ್ನ್ವಾನೇ ಆ ಶಿವ್ರೂಕನ ಮರುಹುಟ್ಟು ಎನ್ನುತ್ತಿದ್ದಳು. ಅವಳ ‘ಹಿಂದೂ’ ಮಾತನ್ನು ಭಾಷಾವಿಜ್ಞಾನಿ ಸೊಸ್ಯೂರ್ ಪರಿಶೀಲಿಸಿದ; ಅಲ್ಲಲ್ಲಿ ಸಂಸ್ಕೃತದ ಚೂರುಗಳಿದ್ದವೇ ಹೊರತು ಭಾಷೆ ಇರಲಿಲ್ಲ. ಕೊನೆಗೆ ಫ್ಲೂರ್ನ್ವಾನಿಗೆ ದ ಮಾರ್ಲೆಸ್ ಎಂಬಾತ 1828ರಲ್ಲಿ ಬರೆದ ಭಾರತದ ಇತಿಹಾಸ ಸಿಕ್ಕಿತು. ಶಿವ್ರೂಕ, ಚಂದ್ರಗಿರಿ, 1401 ಎಲ್ಲವೂ ಅದರಲ್ಲಿದ್ದವು. ಪುಸ್ತಕದ ಪ್ರತಿಗಳು ಜಿನೀವಾದ ಗ್ರಂಥಾಲಯಗಳಲ್ಲೇ ದೂಳು ಹಿಡಿದಿದ್ದವು. ಆ ಇಸವಿಯೂ ಅನುಮಾನದ್ದೇ: ಕಾಸರಗೋಡಿನ ಚಂದ್ರಗಿರಿ ಕೋಟೆಯನ್ನು ಇತಿಹಾಸಕಾರರು 17ನೆಯ ಶತಮಾನದ ಕೆಳದಿಯ ಶಿವಪ್ಪ ನಾಯಕನಿಗೆ ಸಲ್ಲಿಸುತ್ತಾರೆ. ಅವಳು ಸುಳ್ಳಿ ಎಂದು ಫ್ಲೂರ್ನ್ವಾ ಹೇಳಲಿಲ್ಲ. ಓದಿದ್ದೋ ಕೇಳಿದ್ದೋ ಮರೆತುಹೋಗಿ, ಮೂಲ ಕಳಚಿಕೊಂಡು ಸ್ವಂತ ನೆನಪಿನ ವೇಷದಲ್ಲಿ ಬಂದಿದೆ ಎಂದ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಸಂಸ್ಕಾರ ಇತ್ತು, ಅದು ಈ ಜನ್ಮದ್ದೇ ಆಗಿತ್ತು. ಯಲಹಂಕದ ಹುಡುಗಿಯ ಗೊಂಚಲು ದೀಪವೂ ನೋಡಿ ಮರೆತ ಯಾವುದೋ ಸಿನಿಮಾದ್ದಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ ಅವರು ಪೂರ್ವಜನ್ಮ ಹೇಳುವ ಮಕ್ಕಳ ಪ್ರಕರಣಗಳನ್ನು ವರ್ಷಗಟ್ಟಲೆ ಕಲೆಹಾಕಿದಾಗಲೂ ನೋಡಿದ್ದು ಇದನ್ನೇ: ಮಗು ಹೇಳಿದ ವಿವರ ಬೇರೆ ದಾರಿಯಿಂದ ಅದಕ್ಕೆ ತಲುಪಿರಬಹುದೇ?

ಇನ್ನೊಂದು ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು: ನೆನಪಾದ ಬದುಕನ್ನು ಗೌಹರ್ ಜಾನ್ ಕಾಲದ ನಿಜ ಬದುಕಿನ ಪಕ್ಕ ಇಟ್ಟು ನೋಡುವುದು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಇನ್‌ಫ್ಲುಯೆಂಜಾ 1918ರಲ್ಲಿ. ಹೆಬ್ಬಾಳ, ಯಶವಂತಪುರ ಆಗ ಊರಾಚೆಯ ಹಳ್ಳಿಗಳು. ಆ ಕಾಲದಲ್ಲಿ ಬದುಕಿದ್ದವರಲ್ಲಿ ಮೆಹಫಿಲಿನಲ್ಲಿ ಕೂತವರು ಎಷ್ಟು ಮಂದಿ, ರಾಗಿ ಕಳೆ ಕಿತ್ತವರು ಎಷ್ಟು ಮಂದಿ? ನಮಗೆ ನೆನಪಾಗುವ ಜನ್ಮದಲ್ಲಿ ಬರೀ ಸಂಗೀತ, ಪ್ರೇಮ, ರೇಷ್ಮೆ ಸೀರೆಗಳೇ ಇದ್ದರೆ ಅಲ್ಲಿ ಕೆಲಸ ಮಾಡಿದ್ದು ನೆನಪಲ್ಲ, ಆಸೆ. ಸಂಸ್ಕಾರವನ್ನು ನೇರವಾಗಿ ಕಂಡರೆ ಪೂರ್ವಜನ್ಮ ತಿಳಿಯುತ್ತದೆ ಎಂಬ ಯೋಗಸೂತ್ರಕ್ಕೆ ವ್ಯಾಸಭಾಷ್ಯ ಜೈಗೀಷವ್ಯನ ಕಥೆ ಹೇಳುತ್ತದೆ. ಅವನು ಹತ್ತು ಮಹಾಕಲ್ಪಗಳ ತನ್ನ ಹುಟ್ಟುಗಳನ್ನೆಲ್ಲ ನೆನೆದವನು. ಇಷ್ಟರಲ್ಲಿ ಸುಖ ಹೆಚ್ಚಿತ್ತೋ ದುಃಖವೋ ಎಂದು ಆವಟ್ಯ ಕೇಳಿದಾಗ, ಉಂಡದ್ದೆಲ್ಲ ದುಃಖವೇ ಎಂದನಂತೆ. ಪೂರ್ತಿ ನೆನಪಿರುವವನ ಉತ್ತರ ಅದು. ಠುಮರಿ ಕೇಳಿ ಮನಸ್ಸು ಕರಗಿದವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕರಗಿದ್ದು ನಿಜ, ಅದಕ್ಕೊಂದು ಜನ್ಮದ ವಿಳಾಸ ಬರೆಯದಿದ್ದರೂ ಅದರ ಸವಿ ಕಡಿಮೆಯಾಗುವುದಿಲ್ಲ.