ಸ್ವಂತ ಉಂಗುರ ಮಾರಿದ ತಪ್ಪು

2016ರಲ್ಲಿ ಆಫೀಸಿನವರು ನನ್ನನ್ನು ಆರು ತಿಂಗಳ ಮಟ್ಟಿಗೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿಗೆ ಕಳಿಸಿದ್ದರು. ಹೋದ ಹೊಸತರಲ್ಲಿ ಒಂದು ಶನಿವಾರ ನೋಡ್ತೀನಿ, ಇಡೀ ಊರು ಕೆಂಪು ಬಟ್ಟೆ ಹಾಕ್ಕೊಂಡು ಒಂದೇ ದಿಕ್ಕಿಗೆ ಹೊರಟಿದೆ. ನಮ್ಮೂರ ತೇರಿನ ದಿನ ಹೀಗೇ ಇರುತ್ತೆ. ವಿಚಾರಿಸಿದರೆ, ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಪಂದ್ಯ ಅಂದರು. ಆಡೋರು ಕಾಲೇಜು ಹುಡುಗರು, ನೋಡೋಕೆ ಬಂದಿರೋರು ಲಕ್ಷಕ್ಕೂ ಹೆಚ್ಚು ಜನ! ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಂಥ ಎರಡು ಸೇರಿಸಿದರೂ ಅಷ್ಟು ಜನ ಹಿಡಿಸಲ್ಲ.

ಆ ತಂಡದ ಒಂದು ಹಳೇ ಕಥೆಯನ್ನು ಪಕ್ಕದ ಕ್ಯುಬಿಕಲ್‌ನವನು ಹೇಳಿದ. ತಂಡದ ಕೆಲವು ಆಟಗಾರರು ತಮಗೆ ಬಹುಮಾನವಾಗಿ ಬಂದಿದ್ದ ಉಂಗುರ, ಜೆರ್ಸಿ ಇತ್ಯಾದಿಗಳನ್ನು ಮಾರಿದ್ದರು. ಕೆಲವರಿಗೆ ಅದಕ್ಕೆ ಬದಲಾಗಿ ಹಚ್ಚೆ ಹಾಕಿಸಿಕೊಳ್ಳೋದರಲ್ಲಿ ರಿಯಾಯಿತಿ ಸಿಕ್ಕಿತ್ತು. ಇದು ತಪ್ಪು ಅಂತ ಕಾಲೇಜು ಕ್ರೀಡೆಯ ಯಜಮಾನ ಸಂಸ್ಥೆ ಎನ್‌ಸಿಎಎ ತೀರ್ಪು ಕೊಟ್ಟಿತು. ಐವರಿಗೆ ಮುಂದಿನ ಸೀಸನ್ನಿನ ಐದು ಪಂದ್ಯ ನಿಷೇಧ. ತಂಡದ ಹೀರೋ ಟೆರೆಲ್ ಪ್ರಯರ್‌ಗೆ, ಮಾರಿ ಪಡೆದ 2,500 ಡಾಲರನ್ನು ದಾನ ಮಾಡು ಅಂದರು.

ನನಗೆ ಅರ್ಥ ಆಗಲಿಲ್ಲ. 'ಕದ್ದಿದ್ದರಾ?' ಅಂದೆ. 'ಇಲ್ಲ, ಅವರದ್ದೇ ಉಂಗುರ' ಅಂದ. ಅವನಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ರೂಲ್ ಅಂದರೆ ರೂಲ್.

ಇದಕ್ಕಿಂತ ವಿಚಿತ್ರ ಮುಂದಿದೆ. ತೀರ್ಪು ಬಂದಿದ್ದು 2010ರ ಡಿಸೆಂಬರಿನಲ್ಲಿ. 2011ರ ಜನವರಿಯಲ್ಲಿ ಶುಗರ್ ಬೌಲ್ ಅನ್ನೋ ದೊಡ್ಡ ಪಂದ್ಯ, ದೇಶವೆಲ್ಲಾ ಟಿವಿ ಮುಂದೆ ಕೂರೋ ಪಂದ್ಯ. ಅದರಲ್ಲಿ ಆಡೋಕೆ ಮಾತ್ರ ಅದೇ ಐವರಿಗೆ ಅನುಮತಿ ಸಿಕ್ಕಿತು! ಶಿಕ್ಷೆ ಮುಂದಿನ ವರ್ಷದಿಂದ. ವಿಷಯ ಗೊತ್ತಿದ್ದೂ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸೆಲ್ ಆಮೇಲೆ ರಾಜೀನಾಮೆ ಕೊಟ್ಟರು. 2012ರಲ್ಲಿ ಆ ತಂಡ 12ಕ್ಕೆ 12 ಪಂದ್ಯ ಗೆದ್ದರೂ, ಹಳೇ ತಪ್ಪಿಗಾಗಿ ಸೀಸನ್ ಕೊನೆಯ ದೊಡ್ಡ ಪಂದ್ಯಗಳಿಂದ ಅವರನ್ನು ಹೊರಗಿಟ್ಟರು. ಉಂಗುರ ಮಾರಿದವರು ಅಷ್ಟರಲ್ಲಿ ತಂಡದಲ್ಲೇ ಇರಲಿಲ್ಲ.

ಆ ರಾತ್ರಿ ರೂಮಿಗೆ ಬಂದು ಈ ನಿಯಮಗಳ ಬಗ್ಗೆ ಓದುತ್ತಾ ಕೂತೆ. ಎಷ್ಟು ನಿಯಮ ಅಂತೀರಿ! ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸು ಮುಗಿಸಿರಬೇಕು, ಅದರಲ್ಲಿ ಇಷ್ಟು ಸರಾಸರಿ ಇರಬೇಕು. ಐದು ವರ್ಷದೊಳಗೆ ನಾಲ್ಕು ಸೀಸನ್ ಮಾತ್ರ ಆಡಬಹುದು. ಕೋಚ್ ಹುಡುಗನನ್ನು ಯಾವಾಗ ಭೇಟಿ ಮಾಡಬಹುದು, ಯಾವಾಗ ಮಾಡಬಾರದು ಅನ್ನೋದಕ್ಕೆ ಕ್ಯಾಲೆಂಡರ್ ಇದೆ. 2007ರಲ್ಲಿ ಕೋಚ್‌ಗಳು ಹೈಸ್ಕೂಲು ಹುಡುಗರಿಗೆ ಎಸ್ಸೆಮ್ಮೆಸ್ ಕಳಿಸೋದನ್ನೇ ನಿಷೇಧಿಸಿದ್ದರು. ಇನ್ನೊಂದು ಕಾಲದಲ್ಲಿ, ಕಾಲೇಜು ಆಟಗಾರರಿಗೆ ಬೇಗಲ್ ಅನ್ನೋ ಬನ್ನು ಕೊಡಬಹುದಿತ್ತು, ಆದರೆ ಅದಕ್ಕೆ ಚೀಸ್ ಸವರಿದರೆ ಅದು 'ಊಟ' ಆಗಿ ನಿಯಮ ಮುರಿದಂತೆ ಆಗ್ತಿತ್ತು. ನಗಬೇಡಿ. 2014ರಲ್ಲಿ ಚಾಂಪಿಯನ್ ಬಾಸ್ಕೆಟ್‌ಬಾಲ್ ತಂಡದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗ್ತೀನಿ ಅಂತ ಪತ್ರಕರ್ತರ ಮುಂದೆ ಹೇಳಿದ ಮೇಲೇ ಊಟದ ಮಿತಿ ಪೂರ್ತಿ ತೆಗೆದದ್ದು.

ಹಾಗಂತ ನಿಯಮಗಳೆಲ್ಲಾ ಕೆಟ್ಟವು ಅಂತ ನಾನು ಹೇಳಲ್ಲ. ಹದಿನಾರು ವರ್ಷದ ಹುಡುಗನ ಫೋನಿಗೆ ಇಪ್ಪತ್ತು ಕೋಚ್‌ಗಳು ಹಗಲೂ ರಾತ್ರಿ ಮೆಸೇಜ್ ಹಾಕಿದರೆ ಅವನು ಓದೋದು ಯಾವಾಗ? ಓದಿನ ಕಟ್ಟುಪಾಡು ಇಲ್ಲದಿದ್ದರೆ, ಮಂಡಿಚಿಪ್ಪು ಮುರಿದ ದಿನ ಅವನ ಕೈಯಲ್ಲಿ ಉಳಿಯೋದೇನು? ಎತ್ತು ದುಡಿಯೋವರೆಗೆ ಹಿಂಡಿ, ಆಮೇಲೆ ಸಂತೆ. ಈ ನಿಯಮಗಳು ಬೇಕು.

ಆದರೆ ಒಂದೇ ಪುಸ್ತಕದಲ್ಲಿ ಎರಡು ಜಾತಿಯ ನಿಯಮಗಳಿವೆ ಅನ್ನೋದು ನಿಧಾನಕ್ಕೆ ಹೊಳೆಯಿತು. ಮೊದಲನೆಯದು ಬಲ ಇರೋನ ಕೈ ಕಟ್ಟಿ ಬಲ ಇಲ್ಲದವನನ್ನು ಕಾಯುತ್ತೆ. ಕೋಚ್ ಇಂಥ ದಿನ ಮನೆಗೆ ಹೋಗಬಾರದು ಅನ್ನೋದು ಈ ಜಾತಿ. ಎರಡನೆಯದು ಬಲ ಇಲ್ಲದವನ ಕೈ ಕಟ್ಟಿ ಬಲ ಇರೋನ ಜೇಬು ಕಾಯುತ್ತೆ. ಉಂಗುರ ಮಾರಬಾರದು ಅನ್ನೋದು ಈ ಜಾತಿ. ಎರಡಕ್ಕೂ ಹೊದಿಸಿರೋ ಶಾಲು ಮಾತ್ರ ಒಂದೇ: 'ವಿದ್ಯಾರ್ಥಿಯ ಹಿತಕ್ಕಾಗಿ'.

ಈ ಶಾಲು ನೇಯ್ದಿದ್ದು ಹೇಗೆ ಅನ್ನೋದಕ್ಕೂ ಇತಿಹಾಸ ಇದೆ. 1955ರಲ್ಲಿ ಕೊಲರಾಡೊದ ಒಂದು ಸಣ್ಣ ಕಾಲೇಜಿನ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕಾರ್ಮಿಕರಿಗೆ ಕೊಡೋ ಪರಿಹಾರ ಕೊಡಿ ಅಂತ ಅವನ ಹೆಂಡತಿ ಕೇಳಿದಳು. ಅವನು ನೌಕರ ಅಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು. ಇಂಥ ಅರ್ಜಿಗಳ ಭಯಕ್ಕೇ 'ಸ್ಟೂಡೆಂಟ್-ಅಥ್ಲೀಟ್' ಅನ್ನೋ ಪದವನ್ನು ಚಾಲ್ತಿಗೆ ತಂದೆವು ಅಂತ ಎನ್‌ಸಿಎಎಯನ್ನು ದಶಕಗಟ್ಟಲೆ ನಡೆಸಿದ ವಾಲ್ಟರ್ ಬೈಯರ್ಸ್, ನಿವೃತ್ತಿ ಆದಮೇಲೆ 1995ರ ತನ್ನ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡ. ಕೇಳೋಕೆ ಎಷ್ಟು ಗೌರವದ ಪದ! ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ.

'ಉಳುವವನೇ ಹೊಲದೊಡೆಯ' ಅನ್ನೋ ಮಾತು ಕೇಳ್ತಾ ಬೆಳೆದವನು ನಾನು. ಆ ಮಾತು ಅಲ್ಲಿಗೆ ತಲುಪೋಕೆ ತುಂಬಾ ಕಾಲ ಹಿಡಿಯಿತು. 2021ರ ಜೂನಿನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ಕಾನೂನುಬಾಹಿರ ಅಂದರು. ಹತ್ತೇ ದಿನದಲ್ಲಿ, ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರ ಜೂನಿನಲ್ಲಿ ಇನ್ನೊಂದು ಒಪ್ಪಂದಕ್ಕೆ ಕೋರ್ಟಿನ ಒಪ್ಪಿಗೆ ಸಿಕ್ಕಿ, ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ ಆಟಗಾರರಿಗೆ ಹಂಚಬಹುದು ಅಂತಾಯಿತು.

ಸಮಸ್ಯೆ ಮುಗೀತಾ? ಇಲ್ಲ. ಈಗ ಹುಡುಗರು ಹೆಚ್ಚು ದುಡ್ಡು ಕೊಡೋ ಕಾಲೇಜಿಗೆ ವರ್ಷಕ್ಕೊಂದರಂತೆ ಹಾರ್ತಾರೆ ಅನ್ನೋ ದೂರಿದೆ. (ನಾವು ಎರಡು ವರ್ಷಕ್ಕೊಮ್ಮೆ ಕಂಪನಿ ಹಾರೋರು, ಅವರಿಗೆ ಬುದ್ಧಿ ಹೇಳೋಕೆ ನಮಗೇನು ಹಕ್ಕಿದೆ?) ದುಡ್ಡು ತರದ ಈಜು, ಕುಸ್ತಿಯಂಥ ಆಟಗಳಿಗೆ ಪಾಲು ಎಷ್ಟು ಅನ್ನೋ ಪ್ರಶ್ನೆ ಇದೆ. ಎಫ್-1 ವೀಸಾದಲ್ಲಿ ಹೋದ ಹೊರದೇಶದ ಆಟಗಾರರು ಜಾಹೀರಾತಿನ ದುಡ್ಡು ಮುಟ್ಟೋಕೆ ಈಗಲೂ ಹೆದರಬೇಕು. ಎಫ್-1 ಅಂದರೆ ಏನು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲಾ ದೂರದ ದೇಶದ ಕಥೆ ನನ್ನ ನಿದ್ದೆ ಯಾಕೆ ಕೆಡಿಸಬೇಕು? ಕಾರಣ ಇದೆ.

ಬಿಇ ಓದುವಾಗ ನನ್ನ ಹಾಸ್ಟೆಲ್ ರೂಮ್‌ಮೇಟ್ ಒಬ್ಬ ಕಬಡ್ಡಿ ರೈಡರ್. ನನ್ನ ಹಾಗೇ ಹಳ್ಳಿಯವನು. ಆಟ ನೋಡಿಯೇ ಕಾಲೇಜು ಫೀಸು ಕಡಿಮೆ ಮಾಡಿ ಸೇರಿಸಿಕೊಂಡಿತ್ತು. ಟೂರ್ನಮೆಂಟಿಗೆ ಕಾಲೇಜೇ ಕರಕೊಂಡು ಹೋಗೋದು. ಆದರೆ ಆ ದಿನಗಳ ಹಾಜರಾತಿಯ ಪತ್ರ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಬರೋದೇ ಇಲ್ಲ. 85 ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ನಾನು ಕ್ಲಾಸ್ ರೆಪ್ರೆಸೆಂಟೇಟಿವ್, ಕೆಲವು ಮೇಷ್ಟ್ರು ರಿಜಿಸ್ಟರನ್ನು ನನ್ನ ಕೈಗೇ ಕೊಡ್ತಿದ್ದರು. 'ನಾಲ್ಕು ಪ್ರಾಕ್ಸಿ ಹಾಕಪ್ಪಾ' ಅಂತ ಗೆಳೆಯರು ಕೇಳಿದರು. ನಾನು ಹಾಕಲಿಲ್ಲ. ರೂಲ್ ಅಂದರೆ ರೂಲ್ ಅಂದೆ. ಅವನ ಹೆಸರು ಶಾರ್ಟೇಜ್ ಪಟ್ಟಿಗೆ ಬಂತು. ವರ್ಷ ಹೋಯಿತು, ವರ್ಷ ಹೋದವನಿಗೆ ತಂಡದಲ್ಲಿ ಜಾಗ ಇಲ್ಲ, ತಂಡದಲ್ಲಿ ಇಲ್ಲದವನಿಗೆ ಫೀಸಿನ ರಿಯಾಯಿತಿ ಇಲ್ಲ. ಟ್ರಂಕು ಹೊತ್ತುಕೊಂಡು ಊರಿಗೆ ಹೋದ. ಅವನು ಗೆದ್ದು ತಂದ ಕಪ್ಪುಗಳು ಕಾಲೇಜಿನ ಗಾಜಿನ ಬೀರುವಿನಲ್ಲೇ ಉಳಿದವು.

ಎಷ್ಟೋ ವರ್ಷ ನಾನು ತಪ್ಪು ಪ್ರಶ್ನೆ ಕೇಳಿಕೊಂಡೆ: ಪ್ರಾಕ್ಸಿ ಹಾಕಬೇಕಿತ್ತಾ? ಹಾಕಬಾರದಿತ್ತು, ಅದು ಸುಳ್ಳು. ಆದರೆ ಆ ಪತ್ರ ಹಿಡಿದು ಪ್ರಿನ್ಸಿಪಾಲರ ಬಾಗಿಲು ತಟ್ಟಿ, 'ಸಾರ್, ಇವನನ್ನು ಕಳಿಸಿದ್ದು ನೀವೇ' ಅನ್ನೋಕೆ ಯಾವ ರೂಲೂ ಅಡ್ಡ ಇರಲಿಲ್ಲ. ಅದನ್ನು ನಾನು ಮಾಡಲಿಲ್ಲ. ನಿಯಮ ಪಾಲಿಸಿದೆ, ಅಲ್ಲಿಗೆ ನನ್ನ ಕೆಲಸ ಮುಗೀತು ಅಂದುಕೊಂಡೆ. ಕೊಲಂಬಸ್ಸಿನ ಆ ಕ್ಯುಬಿಕಲ್ ಗೆಳೆಯನಿಗೂ ನನಗೂ ಏನು ವ್ಯತ್ಯಾಸ? ಎರಡು ವರ್ಷದ ಹಿಂದೆ ಜಾತ್ರೆಯಲ್ಲಿ ರೈಡರ್ ಸಿಕ್ಕಿದ್ದ. ಜೆಸಿಬಿ ಇಟ್ಟುಕೊಂಡಿದ್ದಾನೆ. ಹೇಗೋ ಧೈರ್ಯ ಮಾಡಿ ಈ ಮಾತು ತೆಗೆದರೆ, 'ನಿಂದೇನು ತಪ್ಪು ಬಿಡೋ' ಅಂದು ಕಬ್ಬಿನ ಹಾಲು ಕೊಡಿಸಿದ. ಬೈದಿದ್ದರೆ ಹಗುರ ಆಗ್ತಿತ್ತು.

ಹೋದ ತಿಂಗಳು ನಮ್ಮ ಟೀಮಿಗೆ ಫ್ರೆಷರ್ಸ್ ತಗೊಳ್ಳುವಾಗ ಒಂದು ರೆಸ್ಯೂಮೆ ಫಿಲ್ಟರಿನಲ್ಲಿ ಬಿದ್ದುಹೋಗಿತ್ತು. ಒಂದು ವರ್ಷ ಗ್ಯಾಪ್. ಕೆಳಗೆ ಸಣ್ಣ ಅಕ್ಷರದಲ್ಲಿ, ಯೂನಿವರ್ಸಿಟಿ ಖೋ ಖೋ ತಂಡ. ಎಚ್ಆರ್‌ಗೆ ಫೋನ್ ಮಾಡಿ, 'ಈ ಗ್ಯಾಪ್ ರೂಲ್ ಇರೋದು ಯಾಕೆ?' ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಮೊದಲಿಂದ ಇದೆ ಅಂದರು. ಹುಡುಗಿಯನ್ನು ಟೆಸ್ಟಿಗೆ ಕರೆದೆವು. ಅವಳು ಕೋಡಿಂಗ್ ರೌಂಡಿನಲ್ಲೇ ಫೇಲಾದಳು, ಕೆಲಸ ಸಿಗಲಿಲ್ಲ. ಆ ಗ್ಯಾಪ್ ರೂಲ್ ಬಗ್ಗೆ ಎಚ್ಆರ್‌ಗೆ ಮತ್ತೊಂದು ಮೇಲ್ ಹಾಕಿದ್ದೀನಿ. ಉತ್ತರ ಇನ್ನೂ ಬಂದಿಲ್ಲ.